ವಿಷಕ್ಕೊಂದು ವಿಳಾಸ

ಮಗುವಿನ ಗಂಟಲಿನಲ್ಲಿ ಬೂದುಬಣ್ಣದ ಪೊರೆ ಬೆಳೆದು, ಉಸಿರಿನ ದಾರಿಯನ್ನೇ ಮುಚ್ಚಿ, ಕೆಲವೇ ದಿನಗಳಲ್ಲಿ ತೊಟ್ಟಿಲನ್ನು ಬರಿದುಮಾಡಿ ಹೋಗುತ್ತಿದ್ದ ವ್ಯಾಧಿಗೆ ನಮ್ಮ ಹಿರಿಯರು ಗಂಟಲಮಾರಿ ಎಂದು ಹೆಸರಿಟ್ಟರು; ಮಾರಿಯ ಹೆಸರನ್ನು ಅವರು ಸಾಮಾನ್ಯ ರೋಗಕ್ಕೆ ಕೊಡುತ್ತಿರಲಿಲ್ಲ. ಆ ಮಾರಿಯ ಆಯುಧವು ಯಾವುದೆಂಬುದು ತಿಳಿದುಬಂದುದು 1888ರಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಎಮಿಲ್ ರೂ ಮತ್ತು ಅಲೆಕ್ಸಾಂಡ್ರ್ ಯೆರ್ಸಿನ್ ಎಂಬವರು ಈ ರೋಗದ ಬ್ಯಾಕ್ಟೀರಿಯಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಒಂದು ಜೀವಾಣುವೂ ಉಳಿಯದಂತೆ ಆ ದ್ರವವನ್ನು ಸೋಸಿ ಪ್ರಾಣಿಗಳಿಗೆ ಚುಚ್ಚಲು, ಅವು ರೋಗ ತಗುಲಿದಂತೆಯೇ ಸತ್ತವು. ಗಂಟಲನ್ನು ಬಿಟ್ಟು ಕದಲದ ಸೂಕ್ಷ್ಮಾಣುವು ದೂರದ ಹೃದಯವನ್ನೂ ನರಗಳನ್ನೂ ಕೆಡಿಸುತ್ತಿದ್ದ ಬಗೆ ಅಂದು ಬಯಲಾಯಿತು: ಅದು ಕುಳಿತಲ್ಲಿಂದಲೇ ವಿಷವನ್ನು ಕಳುಹಿಸುತ್ತಿದ್ದಿತು. ಮಕ್ಕಳನ್ನು ಕೊಂದ ಅಂತಹ ವಿಷದಿಂದಲೇ ಮಕ್ಕಳ ಅರ್ಬುದವೊಂದನ್ನು ಕೊಲ್ಲಬಹುದೇ ಎಂಬುದು ಈ ಅಧ್ಯಾಯದ ವಿಚಾರ.

ಆ ಅರ್ಬುದದ ಹೆಸರು ನ್ಯೂರೋಬ್ಲಾಸ್ಟೋಮ. ಭ್ರೂಣವು ರೂಪುಗೊಳ್ಳುವ ಕಾಲದಲ್ಲಿ ಬೆನ್ನಿನ ಗೆರೆಯಿಂದ ಹೊರಟು, ದೇಹದೊಳಗೆ ವಲಸೆಹೋಗಿ, ನಮ್ಮ ಇಚ್ಛೆಗೆ ಒಳಪಡದ ನರಗಳ ಗಂಟುಗಳಾಗಿಯೂ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ತಿರುಳಾಗಿಯೂ ಪಕ್ವವಾಗಬೇಕಾದ ಕೋಶಗಳಲ್ಲಿ ಕೆಲವು, ಬಲಿಯದೆ ಬರಿದೇ ಹೆಚ್ಚುತ್ತ ಹೋದಾಗ ಇದು ಹುಟ್ಟುತ್ತದೆ. ಈ ಗಡ್ಡೆಗಳ ಕೋಶಗಳು ಎಳೆಯ ನರಕೋಶಗಳನ್ನು ಹೋಲುವುದನ್ನು ಕಂಡು ಅಮೆರಿಕದ ಜೇಮ್ಸ್ ಹೋಮರ್ ರೈಟ್ ಎಂಬ ವೈದ್ಯನು 1910ರಲ್ಲಿ ಈ ಹೆಸರನ್ನು ಕೊಟ್ಟನು. ಇದು ಬಹುಮಟ್ಟಿಗೆ 5 ವರ್ಷದೊಳಗಿನ ಮಕ್ಕಳ ರೋಗ. ಮಗುವಿಗೆ ನೀರೆರೆಯುವ ತಾಯಿಯ ಕೈಗೇ ಹೊಟ್ಟೆಯ ಗಟ್ಟಿ ಗಂಟು ಮೊದಲು ತಾಕುವುದುಂಟು. ಎಳೆಗೂಸುಗಳಲ್ಲಿ ಈ ಗಡ್ಡೆಯು ಕೆಲವೊಮ್ಮೆ ಔಷಧವಿಲ್ಲದೆ ತಾನಾಗಿ ಕರಗಿಹೋಗುವ ವಿಚಿತ್ರವೂ ಉಂಟು. ಅದೇ ಗಡ್ಡೆಯು ತುಸು ದೊಡ್ಡ ಮಕ್ಕಳಲ್ಲಿ ಮೂಳೆಗೂ ಅಸ್ಥಿಮಜ್ಜೆಗೂ ಹರಡಿ, ತೀವ್ರ ಚಿಕಿತ್ಸೆಗೂ ಮಣಿಯದೆ ಮರಳಿ ತಲೆಯೆತ್ತುವುದು.

ಗಂಟಲಮಾರಿಯ ವಿಷವು ಒಂದೇ ಪ್ರೋಟೀನಾದರೂ ಅದರಲ್ಲಿ ಮೂರು ಖಂಡಗಳಿವೆ. ಒಂದು ಖಂಡವು ಕೋಶದ ಬಾಗಿಲನ್ನು ಗುರುತಿಸಿ ಹಿಡಿಯುತ್ತದೆ. ಇನ್ನೊಂದು ಒಳಗೋಡೆಗೆ ಕನ್ನವಿಕ್ಕುತ್ತದೆ. ಆ ಕನ್ನದಲ್ಲಿ ನುಸುಳುವ ಮೂರನೆಯದೇ ಕೊಲೆಗಾರ. ಮಗ್ಗದಲ್ಲಿ ನೇಯ್ದಷ್ಟು ಬಟ್ಟೆಯನ್ನು ಸುತ್ತಿ ಹಾಸನ್ನು ಮುಂದಕ್ಕೆಳೆಯದಿದ್ದರೆ ನೇಯ್ಗೆಯೇ ನಿಲ್ಲುವುದಷ್ಟೆ. ಕೋಶವು ಪ್ರೋಟೀನುಗಳನ್ನು ಹೆಣೆಯುವಾಗಲೂ ಹಾಗೆ ಎಳೆಯನ್ನು ಹೆಜ್ಜೆಹೆಜ್ಜೆಗೆ ಸರಿಸುವ ಸಹಾಯಕವೊಂದಿದ್ದು, ವಿಷವು ಅದಕ್ಕೆ ರಾಸಾಯನಿಕದ ತುಣುಕೊಂದನ್ನು ಅಂಟಿಸಿ ನಿಷ್ಕ್ರಿಯಗೊಳಿಸುತ್ತದೆ. ಈ ಕಾರ್ಯದಲ್ಲಿ ವಿಷವು ತಾನು ವ್ಯಯವಾಗದೆ, ಒಂದನ್ನು ಮುಗಿಸಿ ಮತ್ತೊಂದಕ್ಕೆ ಕೈಹಾಕುವುದರಿಂದ, ಕೊಲೆಗಾರ ಖಂಡದ ಒಂದೇ ಒಂದು ಅಣು ಒಳಹೊಕ್ಕರೂ ಕೋಶವು ಸಾಯಬಹುದೆಂದು ಜಪಾನಿನ ಸಂಶೋಧಕರು 1978ರಲ್ಲಿ ತೋರಿಸಿದರು. ವಾಡಿಕೆಯ ಅರ್ಬುದ ಔಷಧಗಳಲ್ಲಿ ಅನೇಕವು ಒಡೆದು ಇಮ್ಮಡಿಸುತ್ತಿರುವ ಕೋಶಗಳನ್ನೇ ಹೆಚ್ಚಾಗಿ ಘಾತಿಸುವುವು. ಈ ವಿಷಕ್ಕಾದರೋ ನಿದ್ರಿಸುತ್ತಿರುವ ಕೋಶವೂ ಆಹುತಿಯೇ.

ಆದುದರಿಂದ ಕೊಲ್ಲುವ ಶಕ್ತಿಗೆ ಕೊರತೆಯಿಲ್ಲ, ಕಷ್ಟವಿರುವುದು ವಿಳಾಸದಲ್ಲಿ. ಬಾಗಿಲನ್ನು ಗುರುತಿಸುವ ಖಂಡವನ್ನು ಕತ್ತರಿಸಿ ತೆಗೆದು, ಅಲ್ಲಿ ಅರ್ಬುದಕೋಶವನ್ನೇ ಅರಸುವ ಬೇರೊಂದು ತುಣುಕನ್ನು ಜೋಡಿಸಿದರೆ ಹಳೆಯ ವಿಷವು ಹೊಸ ಮನೆಗೆ ಹೋದೀತೆಂಬುದು ಯುಕ್ತಿ. ಹೀಗೆ ರಚಿತವಾದ ಡೆನಿಲ್ಯೂಕಿನ್ ಡಿಫ್ಟಿಟಾಕ್ಸ್ ಎಂಬ ಔಷಧವು ಚರ್ಮದ ಒಂದು ಬಗೆಯ ಲಿಂಫೋಮಕ್ಕಾಗಿ 1999ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ನ್ಯೂರೋಬ್ಲಾಸ್ಟೋಮದ ಕೋಶಗಳ ಮೈಮೇಲೂ ಗುರುತುಗಳಿವೆ. ಅವುಗಳಲ್ಲಿ ಜಿಡಿ2 ಎಂಬ ಕೊಬ್ಬು-ಸಕ್ಕರೆಗಳ ಸಂಯುಕ್ತವನ್ನು ಹಿಡಿಯುವ ಪ್ರತಿಕಾಯವೊಂದು 2015ರಿಂದ ಔಷಧವಾಗಿ ಬಳಕೆಯಲ್ಲಿದೆ. ನೋವನ್ನರಿಯುವ ಸ್ವಸ್ಥ ನರಗಳ ಮೇಲೂ ಅದೇ ಗುರುತಿರುವುದರಿಂದ ಚಿಕಿತ್ಸೆಯ ವೇಳೆ ಮಗುವು ತೀವ್ರ ವೇದನೆಯನ್ನು ಅನುಭವಿಸುತ್ತದೆ. ವಿಳಾಸವು ಪೂರ್ತಿ ಸರಿಯಾಗಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಇದೇ ನಿದರ್ಶನ. ಗ್ಲಿಪಿಕಾನ್-2 ಎಂಬ ಇನ್ನೊಂದು ಗುರುತನ್ನು ಆರಿಸಿಕೊಂಡು, ಸೂಡೊಮೋನಾಸ್ ಬ್ಯಾಕ್ಟೀರಿಯದ ವಿಷವನ್ನು ಪ್ರತಿಕಾಯದ ತುಣುಕಿಗೆ ಕಟ್ಟಿ ಪ್ರಯೋಗಿಸಿದಾಗ, ಇಲಿಗಳಲ್ಲಿ ಈ ಗಡ್ಡೆಯ ಬೆಳವಣಿಗೆ ತಗ್ಗಿತೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ನರಕೋಶವನ್ನು ಹುಡುಕುವುದರಲ್ಲಿ ಅದ್ವಿತೀಯವೆನಿಸಿದ ಬಾಟುಲಿನಮ್ ವಿಷದ ಬಗೆಗೂ ಇಲ್ಲಿ ಕುತೂಹಲ ಹುಟ್ಟುವುದು ಸಹಜ. ಆದರೆ ಅದರ ಪ್ರಸಿದ್ಧ ಪ್ರಭೇದವು ನರದ ಬಾಯಿ ಕಟ್ಟುವುದೇ ಹೊರತು ನರಕೋಶವನ್ನು ಕೊಲ್ಲದು. ಅದರ ವಿಳಾಸವನ್ನು ಕಡ ತಂದು ಬೇರೊಂದು ವಿಷದ ಕೊಲೆಗಾರ ಖಂಡವನ್ನು ಜೋಡಿಸಹೊರಟರೂ, ಸ್ವಸ್ಥ ನರಗಳನ್ನು ಅದರಿಂದ ಕಾಯುವ ಉಪಾಯವೂ ಜೊತೆಗೇ ಬೇಕಾಗುವುದು.

ಇಷ್ಟರ ಮೇಲೆ ಇನ್ನೊಂದು ತೊಡಕುಂಟು. ಗಂಟಲಮಾರಿಯ ಲಸಿಕೆಯೆಂದರೆ ಆ ವಿಷವನ್ನೇ ನಿರ್ವಿಷಗೊಳಿಸಿ ಮಾಡಿದ ವಸ್ತು. ಅದನ್ನು ಪಡೆದ ದೇಹವು ಮೂಲವಿಷದ ಮುಖವನ್ನು ನೆನಪಿನಲ್ಲಿಟ್ಟುಕೊಂಡು, ಔಷಧದ ವೇಷದಲ್ಲಿ ಬಂದರೂ ಗುರುತಿಸಿ ತಡೆಯಲು ಯತ್ನಿಸುತ್ತದೆ. ಮಗುವನ್ನು ಒಂದು ಮಾರಿಯಿಂದ ಕಾಯ್ದ ಕಾವಲುಗಾರನೇ ಇನ್ನೊಂದು ಮಾರಿಯ ಮದ್ದಿಗೆ ಅಡ್ಡನಿಂತಂತಾಯಿತು. ಆದಕಾರಣ ವಿಜ್ಞಾನಿಗಳು ಈ ವಿಷದ ದೂರದ ದಾಯಾದಿಗಳನ್ನು ಅರಸತೊಡಗಿ, ಆಮೆಗಳಲ್ಲಿ ಕಂಡುಬಂದ ಆಸ್ಟ್‌ವಿಕಿಯ ಕೆಲೋನೆ ಎಂಬ ಬ್ಯಾಕ್ಟೀರಿಯದ ಪ್ರೋಟೀನೊಂದು ರಚನೆಯಲ್ಲಿ ಅದನ್ನೇ ಹೋಲಿದರೂ ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳ ಕಣ್ಣಿಗೆ ಬೀಳದೆಂಬುದನ್ನು ಕಂಡುಕೊಂಡಿದ್ದಾರೆ.

ಶಸ್ತ್ರಕ್ರಿಯೆ, ರಾಸಾಯನಿಕ ಔಷಧ, ವಿಕಿರಣ ಮತ್ತು ಪ್ರತಿಕಾಯ, ಇವೇ ಇಂದಿಗೂ ನ್ಯೂರೋಬ್ಲಾಸ್ಟೋಮದ ರೂಢಿಯ ಚಿಕಿತ್ಸೆ. ಈ ರೋಗದ ಮಟ್ಟಿಗೆ ವಿಷದ ವಿದ್ಯೆಯು ಇನ್ನೂ ಪ್ರಯೋಗಶಾಲೆಯ ವಿದ್ಯೆ. ಕಾವಲುಗಾರನ ಕಣ್ಣು ತಪ್ಪಿಸಿ ನಡೆಯುವ ದಾರಿಯನ್ನು ಮದ್ದು ಕಲಿಯಬೇಕೇ ಹೊರತು, ಮದ್ದಿಗಾಗಿ ಕಾವಲನ್ನು ತೆಗೆಯಲಾಗದು. ಓದುಗರು ತಮ್ಮ ಮನೆಯ ಕೂಸಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಹಾಕಿಸತಕ್ಕ ಗಂಟಲಮಾರಿಯ ಲಸಿಕೆಯನ್ನು ತಪ್ಪದೆ ಹಾಕಿಸುವುದು.