ಎರಡನೆಯ ಅರ್ಥ ಯಾರದು?

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯೊಡನೆ ವಿಜಯಪುರದಲ್ಲಿ ತೊಡಗುವ ಜಾತ್ರೆಗಳ ಸಾಲು ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಬೇಸಿಗೆ ಮುಗಿಯುವವರೆಗೂ ಸಾಗುತ್ತದೆ. ಜಾತ್ರೆಯೆಂದ ಮೇಲೆ ರಾತ್ರಿ ನಾಟಕವಿರಲೇಬೇಕು. ಊರ ಯುವಕರು ಗಂಡು ಪಾತ್ರಗಳನ್ನು ಹಂಚಿಕೊಳ್ಳುತ್ತಾರೆ. ಹೆಣ್ಣು ಪಾತ್ರಗಳಿಗೆ ಪರಊರಿನ ಕಲಾವಿದೆಯರನ್ನು ಹಣ ಕೊಟ್ಟು ಕರೆಸುತ್ತಾರೆ. ದೊಡ್ಡ ಜಾತ್ರೆಗಳಿಗೆ ವೃತ್ತಿ ಕಂಪನಿಗಳೇ ಬಂದು ಡೇರೆ ಹಾಕುತ್ತವೆ. ಈ ನಾಟಕಗಳಲ್ಲಿ ದ್ವಂದ್ವಾರ್ಥದ ಮಾತು ಮಿತಿಮೀರಿದೆ, ಅದರ ತುಣುಕುಗಳು ಮೊಬೈಲಿನ ಮೂಲಕ ಮಕ್ಕಳ ಕೈಗೂ ಬಂದಿವೆ ಎಂದು ನಮ್ಮ ಕಥೋಲಿಕ ಕುಟುಂಬಗಳ ತಾಯಂದಿರು ನೊಂದು ಹೇಳುತ್ತಾರೆ. ಸರ್ಕಾರ ಇವನ್ನು ನಿಷೇಧಿಸಲಿ, ಧರ್ಮಗುರುಗಳು ಮುಂದೆ ನಿಂತು ಮನವಿ ಸಲ್ಲಿಸಲಿ ಎಂಬುದು ಅವರ ಅಪೇಕ್ಷೆ. ಅವರ ನೋವು ನ್ಯಾಯವಾದುದು. ಪರಿಹಾರದ ವಿಷಯದಲ್ಲಿ ಮಾತ್ರ ನಮ್ಮ ವಿಚಾರ ಬೇರೆಯಾಗಿದೆ.

ಈ ನೆಲದ ರಂಗಭೂಮಿ ಸಣ್ಣದಲ್ಲ. ವಿಜಯಪುರ ನಗರದ ರಂಗಮಂದಿರಕ್ಕೆ ಹೆಸರಾಗಿರುವ ಕಂದಗಲ್ಲ ಹನುಮಂತರಾಯರು ಅವಿಭಜಿತ ವಿಜಾಪುರ ಜಿಲ್ಲೆಯವರು. ಅವರ ‘ರಕ್ತರಾತ್ರಿ’ಯ ಮಾತುಗಳು ಇಂದಿಗೂ ಹಿರಿಯರ ಬಾಯಲ್ಲಿವೆ. ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಬೆಳ್ಳಿತೆರೆಯನ್ನೂ ಏರಿತು. ಆ ಕಾಲದ ನಾಟಕಗಳಲ್ಲೂ ಹಾಸ್ಯಪಾತ್ರವಿತ್ತು, ಸರಸ ಸಲ್ಲಾಪವಿತ್ತು. ಸಿನಿಮಾ, ಆಮೇಲೆ ದೂರದರ್ಶನ ಪ್ರೇಕ್ಷಕರನ್ನು ಸೆಳೆದೊಯ್ದಾಗ ಡೇರೆಯ ಗಲ್ಲೆ ಬರಿದಾಯಿತು. ಬರಿದಾದ ಗಲ್ಲೆಯನ್ನು ತುಂಬಲು ಹಲವು ಕಂಪನಿಗಳು ಹಿಡಿದ ಅಡ್ಡದಾರಿ ಇದು.

ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಹಾಡು, ಮಾತುಗಳಿಂದ ಇತರರಿಗೆ ಕಿರುಕುಳವಾದರೆ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮು ಶಿಕ್ಷೆ ವಿಧಿಸುತ್ತದೆ. 2024ರ ಜುಲೈ 1ಕ್ಕೆ ಮುಂಚೆ ಅದೇ ಕೆಲಸವನ್ನು ದಂಡ ಸಂಹಿತೆಯ 294ನೆಯ ಕಲಮು ಮಾಡುತ್ತಿತ್ತು. ಸಂವಿಧಾನದ 19ನೆಯ ಅನುಚ್ಛೇದವೂ ಸಭ್ಯತೆ ಮತ್ತು ನೈತಿಕತೆಯ ಹಿತದಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಅವಕಾಶ ಕೊಟ್ಟಿದೆ. ಆದರೆ ನಾಟಕಗಳನ್ನೇ ಗುರಿಯಾಗಿಸಿ ನಮ್ಮ ದೇಶದಲ್ಲಿ ಹುಟ್ಟಿದ ಕಾನೂನಿನ ಕಥೆಯನ್ನು ಸ್ವಲ್ಪ ನೋಡಬೇಕು. 1876ರ ಆರಂಭದಲ್ಲಿ ಕಲ್ಕತ್ತೆಯ ವಕೀಲರೊಬ್ಬರು ವೇಲ್ಸ್ ರಾಜಕುಮಾರನನ್ನು ತಮ್ಮ ಮನೆಯ ಅಂತಃಪುರಕ್ಕೆ ಬರಮಾಡಿಕೊಂಡರು. ಅದನ್ನು ಅಣಕಿಸಿ ಅಲ್ಲಿಯ ರಂಗದ ಮೇಲೆ ನಾಟಕ ಬಂದಿತು. ಸರ್ಕಾರಕ್ಕೆ ಸಿಟ್ಟು ಬಂದು, ಅದೇ ವರ್ಷ ನಾಟಕ ಪ್ರದರ್ಶನ ಕಾಯ್ದೆಯೂ ಬಂದಿತು. ಜನರ ನಡತೆ ಕೆಡಿಸುವ ನಾಟಕ, ಮಾನಹಾನಿಯ ನಾಟಕ, ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವ ನಾಟಕ, ಮೂರನ್ನೂ ಆ ಕಾಯ್ದೆ ಒಂದೇ ಚೀಲಕ್ಕೆ ತುಂಬಿತು. ನೀತಿಯ ಹೆಸರು ಮುಂದಿತ್ತು, ಸಿಂಹಾಸನದ ಭಯ ಹಿಂದಿತ್ತು. ಸ್ವತಂತ್ರ ಭಾರತ ಆ ಕಾಯ್ದೆಯನ್ನು ಪುಸ್ತಕದಿಂದ ತೆಗೆದುಹಾಕಿದ್ದು 2018ರಲ್ಲಿ! ನಿಷೇಧದ ಅಧಿಕಾರವನ್ನು ಒಂದು ಕಾರಣಕ್ಕೆಂದು ಕೊಟ್ಟರೆ ಅದು ಆ ಕಾರಣದೊಳಗೇ ಅಡಗಿ ಕೂರುವುದಿಲ್ಲ.

ಇನ್ನೊಂದು ತೊಡಕು ದ್ವಂದ್ವಾರ್ಥದ ಸ್ವರೂಪದಲ್ಲಿಯೇ ಇದೆ. ಅಧಿಕಾರಿಯ ಮುಂದೆ ನಾಟಕದ ಹಸ್ತಪ್ರತಿ ಇಟ್ಟರೆ ಅವರಿಗೆ ಕಾಣುವುದೇನು? ಬದನೆಕಾಯಿಯ ಬೆಲೆ, ಬಾವಿಯ ಆಳ, ಹೊಲದ ಉಳುಮೆ. ಎರಡನೆಯ ಅರ್ಥ ಕಾಗದದ ಮೇಲಿಲ್ಲ. ಅದರ ಅರ್ಧವನ್ನು ನಟ ಧ್ವನಿಯಲ್ಲಿ ಕೊಡುತ್ತಾನೆ. ಉಳಿದರ್ಧವನ್ನು ಮುಂದೆ ಕುಳಿತು ನಗುವವನು ತನ್ನ ಮನಸ್ಸಿನಿಂದ ತಂದು ಕೂಡಿಸುತ್ತಾನೆ. ಸಿಳ್ಳೆ ಬೀಳದಿದ್ದರೆ ಆ ಮಾತು ಬರೀ ಬದನೆಕಾಯಿಯ ಮಾತಾಗಿಯೇ ಉಳಿದೀತು.

ಇದನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇಪ್ಪತ್ತಮೂರು ಶತಮಾನಗಳ ಹಿಂದೆಯೇ ಗಮನಿಸಿದ್ದನು. ತನ್ನ ನೀತಿಶಾಸ್ತ್ರದ ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ಅವನು ಹಾಸ್ಯದ ಚರ್ಚೆ ಮಾಡುತ್ತಾನೆ. ಹಳೆಯ ಪ್ರಹಸನಗಳು ಬಿಚ್ಚುಮಾತಿನಿಂದ ನಗಿಸುತ್ತಿದ್ದವು, ಹೊಸವು ಸೂಚನೆಯಿಂದ ನಗಿಸುತ್ತವೆ ಎನ್ನುತ್ತಾನೆ. ಅವನ ಕಣ್ಣಿಗೆ ಸೂಚನೆಯೇ ಹೆಚ್ಚು ಸಭ್ಯ. (ಅವನು ನಮ್ಮ ಜಾತ್ರೆಯ ನಾಟಕ ನೋಡಿರಲಿಲ್ಲ.) ಕೆಲವು ನಿಂದೆಗಳನ್ನು ಶಾಸನ ನಿಷೇಧಿಸುವಂತೆ ಕೆಲವು ಪರಿಹಾಸ್ಯಗಳನ್ನೂ ನಿಷೇಧಿಸಬೇಕಿತ್ತೇನೋ ಎಂದು ಸಂಶಯದಿಂದ ನುಡಿದು, ಸುಸಂಸ್ಕೃತನು ತನಗೆ ತಾನೇ ಶಾಸನವಾಗಿರುತ್ತಾನೆಂದು ಮುಂದೆ ಸಾಗುತ್ತಾನೆ. ಹಿತಮಿತ ಹಾಸ್ಯದ ಗುಣಕ್ಕೆ ಅವನಿಟ್ಟ ಹೆಸರು ಯೂಟ್ರಪೇಲಿಯಾ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಇದೇ ಪದವನ್ನು ಹೊಲಸು ಮಾತಿನ ಸಾಲಿಗೆ ಸೇರಿಸಿ ತ್ಯಜಿಸಲು ಹೇಳುತ್ತಾರೆ. ಸಂತ ತೋಮಾಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಅದನ್ನು ಮತ್ತೆ ಸದ್ಗುಣಗಳ ಪಂಕ್ತಿಗೆ ತಂದರು. ದಣಿದ ದೇಹಕ್ಕೆ ನಿದ್ರೆ ಬೇಕಾದಂತೆ ದಣಿದ ಮನಸ್ಸಿಗೆ ವಿನೋದ ಬೇಕು, ನಗೆಯನ್ನೇ ಸಹಿಸದವನು ದೋಷಿ, ನಟರ ವೃತ್ತಿ ಸ್ವತಃ ಪಾಪವಲ್ಲ ಎಂಬುದು ಅವರ ನಿರ್ಣಯ. ಅವರೇ ಇನ್ನೊಂದೆಡೆ, ಮಾನವ ಶಾಸನ ಎಲ್ಲ ದುರ್ಗುಣಗಳನ್ನೂ ದಂಡಿಸಲು ಹೋಗಬಾರದು, ಮುಖ್ಯವಾಗಿ ಪರರಿಗೆ ಹಾನಿ ತರುವಂಥವನ್ನು ತಡೆಯಬೇಕು ಎಂದು ವಿವರಿಸುತ್ತಾರೆ.

ಹಾನಿ ಯಾರಿಗೆ? ಇದು ಕೇಳಬೇಕಾದ ಪ್ರಶ್ನೆಯೆಂದು ನಮಗೆ ತೋರುತ್ತದೆ. ಮುಜುಗರಗೊಂಡ ನಮಗಿಂತ ಮೊದಲು ರಂಗದ ಮೇಲೆ ನಿಂತ ಹೆಣ್ಣುಮಗಳನ್ನು ನೆನೆಯಬೇಕು. ಬಣ್ಣ ಹಚ್ಚಿದ ಕೂಲಿಗೆ ಬಂದವಳು ಅವಳು. ಹುಡುಗನೊಬ್ಬ ಅವಳ ಮೈಯನ್ನೇ ಮಾತಿನ ಗುರಿಯಾಗಿಸುತ್ತಾನೆ, ಸಭೆ ಕೇಕೆ ಹಾಕುತ್ತದೆ, ಅವಳು ನಗುತ್ತಲೇ ಮಾರುತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ ಊರಿನಿಂದ ಕರೆ ಬರುವುದಿಲ್ಲ. ನಾಟಕವನ್ನೇ ನಿಷೇಧಿಸಿದರೆ ಅವಳ ಅನ್ನ ಹೋಗುತ್ತದೆ. ಹೀಗೆಯೇ ಬಿಟ್ಟರೆ ಅವಳ ಮಾನ ಹೋಗುತ್ತದೆ. ಮನವಿಪತ್ರದಲ್ಲಿ ಬರೆಯುವ ‘ನಮ್ಮ ಭಾವನೆಗಳಿಗೆ ಧಕ್ಕೆ’ ಎಂಬ ಮಾತಿನಲ್ಲಿ ಅವಳಿಗೆ ಸ್ಥಳವೇ ಇಲ್ಲ.

ಆ ಮಾತಿನ ಅಪಾಯವನ್ನೂ ನಮ್ಮ ಜಿಲ್ಲೆ ಬಲ್ಲದು. ಸಿಂದಗಿ ತಾಲ್ಲೂಕಿನ ಮೂಲದ ಡಾ. ಎಂ.ಎಂ. ಕಲಬುರ್ಗಿಯವರು ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು 1989ರಲ್ಲಿ ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ವಿದ್ವಾಂಸನ ವಿಚಾರವನ್ನೂ ಡೇರೆಯ ಕೊಳಕು ಹಾಸ್ಯವನ್ನೂ ‘ಧಕ್ಕೆ’ ಎಂಬ ಒಂದೇ ತಕ್ಕಡಿಯಲ್ಲಿ ತೂಗುವ ಸಮಾಜದಲ್ಲಿ ಸಂಖ್ಯೆಯಲ್ಲಿ ಅಲ್ಪರಾದ ನಮ್ಮ ಶುಭಸಂದೇಶದ ಮಾತೂ ನಾಳೆ ಅದೇ ತಕ್ಕಡಿಗೆ ಬಂದೀತು.

ಧರ್ಮಸಭೆಯ ಅನುಭವವೂ ಇಲ್ಲಿ ಪಾಠ. 1559ರಿಂದ 1966ರವರೆಗೆ ರೋಮಿನಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಯಿತ್ತು. ಅದರಲ್ಲಿದ್ದ ಡೆಕಾರ್ಟ್, ಪಾಸ್ಕಲ್, ಕಾಂಟ್ ಇವರನ್ನು ನಾವು ಗುರುಮಠದಲ್ಲಿ ಪರೀಕ್ಷೆಗೆ ಓದಿದೆವು. ಸಿಸ್ಟೈನ್ ದೇವಾಲಯದಲ್ಲಿ ಮೈಕೆಲೆಂಜೆಲೊ ಬರೆದ ಅಂತಿಮ ತೀರ್ಪಿನ ಬೆತ್ತಲೆ ಆಕೃತಿಗಳಿಗೆ 1565ರಲ್ಲಿ ಬಟ್ಟೆಯ ಬಣ್ಣ ಬಳಿಯಲಾಯಿತು. ಬಳಿದ ಚಿತ್ರಕಾರನಿಗೆ ರೋಮಿನ ಜನ ಚಲ್ಲಣದವನೆಂದು ಅಡ್ಡಹೆಸರಿಟ್ಟರು. ಆ ಬಣ್ಣದಲ್ಲಿ ಕೆಲಭಾಗವನ್ನು 1994ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ತೆಗೆದರು. ನಮ್ಮ ಆಸಾರ್ ಮಹಲಿನ ಗೋಡೆಗಳ ಮನುಷ್ಯಚಿತ್ರಗಳ ಮುಖಗಳೋ, ಔರಂಗಜೇಬನ ಆಜ್ಞೆಯಿಂದ ವಿರೂಪಗೊಂಡವೆಂಬ ಹೇಳಿಕೆಯಿದೆ. ಅವನ್ನು ಮರಳಿ ತರಲು ಯಾವ ಜೀರ್ಣೋದ್ಧಾರದಿಂದಲೂ ಆಗದು.

ಹಾಗಾದರೆ ಕೈಕಟ್ಟಿ ಕೂರುವುದೇ? ಹಳ್ಳಿಯ ನಾಟಕಕ್ಕೆ ಹಣ ಕೂಡಿಸುವುದು ಜಾತ್ರಾ ಕಮಿಟಿ. ವಂತಿಗೆ ಕೊಡುವವರಲ್ಲಿ ನಮ್ಮವರೂ ಇದ್ದಾರೆ. ಯಾವ ನಾಟಕ, ಹಸ್ತಪ್ರತಿಯಾಚೆಗಿನ ಮಾತಿಗೆ ಯಾರು ಹೊಣೆ, ಕಲಾವಿದೆಗೆ ಒಪ್ಪಿದ ಸಂಬಳ ಪೂರ್ತಿ ಕೈಸೇರಿತೇ, ಬೇಡವೆನಿಸಿದ ಮಾತನ್ನು ಆಡುವುದಿಲ್ಲವೆನ್ನಲು ಅವಳಿಗೆ ಹಕ್ಕಿದೆಯೇ ಎಂದು ವಂತಿಗೆ ಕೊಡುವಾಗಲೇ ಕೇಳಬಹುದು. ಅತಿಯಾದಾಗ ಮುಂದಿನ ಸಾಲಿನಿಂದ ನಾಲ್ಕು ಕುಟುಂಬಗಳು ಎದ್ದು ನಡೆದರೆ ಹಾಸ್ಯಪಾತ್ರಧಾರಿಗೆ ಅದು ತಕ್ಷಣ ತಿಳಿಯುತ್ತದೆ. ಮೊಬೈಲಿನಲ್ಲಿ ಬಂದ ತುಣುಕನ್ನು ಮುಂದೆ ಕಳಿಸದಿರುವುದು ತಂದೆಯರ ಕೈಯಲ್ಲೇ ಇದೆ. ತಾಯಂದಿರು ದೂರುವ ತುಣುಕುಗಳು ಬಹುಮಟ್ಟಿಗೆ ಮನೆಯ ಗಂಡಸರ ಫೋನಿಗೇ ಮೊದಲು ಬಂದವು. ನಮ್ಮ ಯುವಜನರು ಈ ಸಲ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಧುತ್ತರಗಿಯವರ ನಾಟಕವೊಂದನ್ನು ಕಲಿತರೆ ಹಾರ್ಮೋನಿಯಂ ನುಡಿಸುವವರನ್ನು ಹುಡುಕಿಕೊಡುವ ಹೊಣೆ ನಮ್ಮದು.