ಮೊಬೈಲ್ ಫೋನಿನ ಸುರಕ್ಷತಾ ಮಿತಿ ಮತ್ತು ಶ್ರವಣ ಸಾಧನದ ಗುಂಯ್ ಸದ್ದು

ಕಂಪ್ಯೂಟರಿನ ಸ್ಪೀಕರ್ ಪಕ್ಕದಲ್ಲಿ ಮೊಬೈಲ್ ಫೋನ್ ಇಟ್ಟಿದ್ದಾಗ, ಕರೆಗಂಟೆ ಮೊಳಗುವುದಕ್ಕೆ ಕ್ಷಣಕಾಲ ಮೊದಲೇ ಸ್ಪೀಕರಿನಿಂದ 'ಟರ್ರ್ ಟರ್ರ್' ಎಂಬ ಸದ್ದು ಹೊರಡುವುದನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. 2ಜಿ ಫೋನುಗಳಲ್ಲಿ ಇದು ಸಾಮಾನ್ಯ. ಸ್ಪೀಕರಿನ ಮಟ್ಟಿಗೆ ಇದೊಂದು ಸಣ್ಣ ಕಿರಿಕಿರಿ. ಫೋನನ್ನು ಒಂದು ಮೊಳ ದೂರ ಸರಿಸಿದರೆ ಮುಗಿಯಿತು. ಆದರೆ ಅದೇ ಬಗೆಯ ವರ್ಧಕವೊಂದನ್ನು ಕಿವಿಯಲ್ಲೇ ಧರಿಸಿ, ಅದೇ ಕಿವಿಗೆ ಫೋನನ್ನು ಒತ್ತಿ ಹಿಡಿಯಬೇಕಾದವರ ಪಾಡೇನು? ಶ್ರವಣ ಸಾಧನ ಬಳಸುವವರಿಗೆ ಸರಿಸಲು ಜಾಗವೇ ಇಲ್ಲ.

ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಈ ವಿಷಯ ಬಂದಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದಿದೆ. 'ಫೋನಿನ ಪೆಟ್ಟಿಗೆಯ ಮೇಲೆ ವಿಕಿರಣದ ಪ್ರಮಾಣವನ್ನು ಮುದ್ರಿಸಿರುತ್ತಾರಲ್ಲ, ಆ ಸಂಖ್ಯೆ ಕಡಿಮೆ ಇರುವ ಫೋನನ್ನು ಕೊಂಡರೆ ಶ್ರವಣ ಸಾಧನಕ್ಕೂ ತೊಂದರೆ ಕಡಿಮೆಯಾಗಬೇಕಲ್ಲವೇ?' ಪ್ರಶ್ನೆ ಸಹಜವಾದದ್ದೇ. ಉತ್ತರ ಮಾತ್ರ 'ಆಗಲೇಬೇಕೆಂದಿಲ್ಲ'. ಒಂದೇ ಅಲೆಯ ಎರಡು ಬೇರೆ ಬೇರೆ ಗುಣಗಳನ್ನು ಇಲ್ಲಿ ಅಳೆಯಬೇಕಾಗುತ್ತದೆ. ಒಂದಕ್ಕಾಗಿ ಮಾಡಿದ ಅಳತೆ ಇನ್ನೊಂದರ ಬಗ್ಗೆ ಏನೂ ಹೇಳದಿರಬಹುದು.

ಮೊದಲು ಸುರಕ್ಷತೆಯ ಅಳತೆಯನ್ನು ನೋಡೋಣ. 900 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೋ ಅಲೆಯ ತರಂಗದೂರ ಸುಮಾರು 33 ಸೆಂಟಿಮೀಟರ್. ಅದರ ಒಂದು ಫೋಟಾನಿನ ಶಕ್ತಿಯನ್ನು ಪ್ಲಾಂಕ್ ಸ್ಥಿರಾಂಕದಿಂದ ಲೆಕ್ಕಹಾಕಿದರೆ ಎಲೆಕ್ಟ್ರಾನ್ ವೋಲ್ಟಿನ ದಶಲಕ್ಷದಲ್ಲಿ ನಾಲ್ಕು ಭಾಗಕ್ಕಿಂತಲೂ ತುಸು ಕಡಿಮೆ ಬರುತ್ತದೆ. ನಮ್ಮ ದೇಹದ ತಾಪದಲ್ಲಿ ಅಣುಗಳ ಚಲನೆಗೆ ಸಂಬಂಧಿಸಿದ ಶಕ್ತಿಯೇ ಇದರ ಸುಮಾರು ಏಳು ಸಾವಿರ ಪಟ್ಟು. ರಾಸಾಯನಿಕ ಬಂಧವನ್ನು ಮುರಿಯಲು ಕೆಲವು ಎಲೆಕ್ಟ್ರಾನ್ ವೋಲ್ಟ್ ಬೇಕು. ಆದ್ದರಿಂದ ಎಕ್ಸ್-ಕಿರಣದಂತೆ ಅಯಾನುಗಳನ್ನು ಉಂಟುಮಾಡುವ ಶಕ್ತಿ ಇದಕ್ಕಿಲ್ಲ. ಖಚಿತವಾಗಿ ಸ್ಥಾಪಿತವಾಗಿರುವ ಪರಿಣಾಮವೆಂದರೆ ಅಂಗಾಂಶ ಬಿಸಿಯಾಗುವುದು. ಸುರಕ್ಷತಾ ನಿಯಮಗಳೆಲ್ಲ ಈ ಬಿಸಿಯನ್ನೇ ಆಧಾರವಾಗಿಟ್ಟುಕೊಂಡಿವೆ.

ಅಂಗಾಂಶದ ಪ್ರತಿ ಕಿಲೋಗ್ರಾಂ ಎಷ್ಟು ವಾಟ್ ಸಾಮರ್ಥ್ಯವನ್ನು ಹೀರಿಕೊಳ್ಳುತ್ತದೆ ಎಂಬುದೇ ವಿಶಿಷ್ಟ ಹೀರಿಕೆ ದರ, ವ್ಯವಹಾರದಲ್ಲಿ ಎಸ್‌ಎಆರ್. ಅಂಗಾಂಶದ ವಿದ್ಯುತ್ ವಾಹಕತೆಯನ್ನು ಅದರೊಳಗಿನ ವಿದ್ಯುತ್ ಕ್ಷೇತ್ರದ ವರ್ಗದಿಂದ ಗುಣಿಸಿ ಸಾಂದ್ರತೆಯಿಂದ ಭಾಗಿಸಿದರೆ ಇದು ದೊರೆಯುತ್ತದೆ. ಅಮೆರಿಕದ ಫೆಡರಲ್ ಸಂಪರ್ಕ ಆಯೋಗ 1996ರಲ್ಲಿ ಒಪ್ಪಿಕೊಂಡ ಮಿತಿ ಕಿಲೋಗ್ರಾಮಿಗೆ 1.6 ವಾಟ್, ಇದನ್ನು ಯಾವುದೇ 1 ಗ್ರಾಂ ಅಂಗಾಂಶದ ಮೇಲೆ ಸರಾಸರಿ ತೆಗೆಯಬೇಕು. ಯೂರೋಪಿನಲ್ಲಿರುವ ಮಿತಿ 2 ವಾಟ್, ಆದರೆ ಸರಾಸರಿ 10 ಗ್ರಾಮಿನ ಮೇಲೆ. ಎರಡಕ್ಕೂ ಇರುವ ವ್ಯತ್ಯಾಸ ಬರೀ 0.4 ಎಂದು ಭಾವಿಸಬಾರದು. 1 ಗ್ರಾಂ ಎಂದರೆ ಸುಮಾರು 1 ಸೆಂಟಿಮೀಟರ್ ಬದಿಯ ಘನ. 10 ಗ್ರಾಂ ಎಂದರೆ 2.15 ಸೆಂಟಿಮೀಟರ್ ಬದಿಯದು. ದೊಡ್ಡ ಘನದಲ್ಲಿ ಬಿಸಿಯಾದ ಮೂಲೆಯ ಜೊತೆಗೆ ತಣ್ಣಗಿರುವ ಭಾಗವೂ ಸೇರಿ ಸರಾಸರಿ ಕೆಳಗಿಳಿಯುತ್ತದೆ. ಆದ್ದರಿಂದ 1 ಗ್ರಾಮಿನ ನಿಯಮ ನೋಡಲು ಕಾಣುವುದಕ್ಕಿಂತಲೂ ಹೆಚ್ಚು ಬಿಗಿಯಾದದ್ದು. ಭಾರತವು 2012ರ ಸೆಪ್ಟೆಂಬರ್ 1ರಿಂದ ಈ ಬಿಗಿಯಾದ ನಿಯಮಕ್ಕೆ ಬದಲಾಯಿತು. ಫೋನಿನಲ್ಲಿ *#07# ಒತ್ತಿದರೆ ಕಾಣುವ ಸಂಖ್ಯೆ ಇದೇ.

ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಲೆಕ್ಕ ಕೊಡಬಹುದು. ಸ್ನಾಯುವಿನಂಥ ಅಂಗಾಂಶದ ವಿಶಿಷ್ಟೋಷ್ಣ ಸುಮಾರು 3500 ಜೂಲ್ ಪ್ರತಿ ಕಿಲೋಗ್ರಾಂ ಪ್ರತಿ ಡಿಗ್ರಿ ಎಂದಿಟ್ಟುಕೊಳ್ಳಿ. ಕಿಲೋಗ್ರಾಮಿಗೆ 1.6 ವಾಟಿನಂತೆ ಆರು ನಿಮಿಷ ಹೀರಿಕೊಂಡರೆ ಸೇರುವ ಶಕ್ತಿ 576 ಜೂಲ್. ರಕ್ತ ಹರಿಯುವುದೇ ಇಲ್ಲ, ಶಾಖ ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡರೂ ಏರುವ ತಾಪ ಸುಮಾರು 0.16 ಡಿಗ್ರಿ. ಬಿಸಿಲಿನಲ್ಲಿ ಹತ್ತು ಹೆಜ್ಜೆ ನಡೆದವರಿಗೆ ಇದು ಲೆಕ್ಕಕ್ಕೇ ಬಾರದು. ಬಿಸಿಯ ಹೊರತಾಗಿ ಬೇರೆ ಅಪಾಯ ಇದೆಯೇ ಎಂಬ ಚರ್ಚೆ ದೀರ್ಘಕಾಲ ನಡೆದಿದೆ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಿಯೋ ಅಲೆಗಳನ್ನು '2ಬಿ' ಗುಂಪಿಗೆ, ಅಂದರೆ 'ಬಹುಶಃ ಸಾಧ್ಯ, ಆದರೆ ಪುರಾವೆ ಸೀಮಿತ' ಎಂಬ ಗುಂಪಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯು ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧವನ್ನು ಕಾಣಲಿಲ್ಲ. ಈ ಲೇಖನದ ವಿಷಯಕ್ಕೆ ಅಷ್ಟು ಸಾಕು.

ಗಮನಿಸಬೇಕಾದ ಅಂಶ ಇಷ್ಟು: ಹೀರಿಕೆ ದರ ಒಂದು ಸರಾಸರಿ. ಜಾಗದಲ್ಲೂ ಸರಾಸರಿ, ಕಾಲದಲ್ಲೂ ಸರಾಸರಿ. ನಿಮಿಷಗಳ ಅವಧಿಯಲ್ಲಿ ಒಟ್ಟು ಎಷ್ಟು ಶಕ್ತಿ ಸೇರಿತು ಎಂಬುದಷ್ಟೇ ಶಾಖದ ಪ್ರಶ್ನೆ. ಆ ಶಕ್ತಿ ಸಮನಾಗಿ ಹರಿದು ಬಂತೋ, ತುಂಡು ತುಂಡಾಗಿ ಬಂತೋ ಎಂಬುದು ಶಾಖಕ್ಕೆ ಬೇಡದ ವಿಚಾರ. ಶ್ರವಣ ಸಾಧನಕ್ಕೆ ಬೇಕಾದದ್ದು ಅದೇ.

ಭಾರತಕ್ಕೆ 1995ರಲ್ಲಿ ಮೊಬೈಲ್ ಸೇವೆಯೊಂದಿಗೆ ಬಂದ ಜಿಎಸ್‌ಎಂ ತಂತ್ರದಲ್ಲಿ, ಒಂದೇ ಆವೃತ್ತಿಯನ್ನು ಎಂಟು ಮಂದಿ ಕಾಲ ಹಂಚಿಕೊಂಡು ಬಳಸುತ್ತಾರೆ. 4.615 ಮಿಲಿಸೆಕೆಂಡಿನ ಒಂದು ಸುತ್ತಿನಲ್ಲಿ ಎಂಟು ಸರದಿ. ಪ್ರತಿ ಸರದಿಗೆ 0.577 ಮಿಲಿಸೆಕೆಂಡ್. ಬಸ್ಸಿನ ಕಿಟಕಿಯ ಸೀಟಿಗೆ ಎಂಟು ಮಕ್ಕಳು ಸರದಿ ಹಾಕಿಕೊಂಡಂತೆ. ನಿಮ್ಮ ಫೋನು ತನ್ನ ಸರದಿಯಲ್ಲಿ ಮಾತ್ರ ಅಲೆಯನ್ನು ಹೊರಸೂಸಿ ಉಳಿದ ಏಳು ಸರದಿ ಸುಮ್ಮನಿರುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 217 ಸಲ ಹೊತ್ತಿ ಆರುತ್ತದೆ. 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಇದರ ಗರಿಷ್ಠ ಸಾಮರ್ಥ್ಯ 2 ವಾಟ್. ಎಂಟರಲ್ಲಿ ಒಂದು ಸರದಿ ಮಾತ್ರವಾದ್ದರಿಂದ ಸರಾಸರಿ 0.25 ವಾಟ್.

ಈಗ ಎರಡು ಫೋನುಗಳನ್ನು ಊಹಿಸಿಕೊಳ್ಳಿ. ಒಂದು ಜಿಎಸ್‌ಎಂ ಫೋನು, ಮೇಲೆ ಹೇಳಿದಂತೆ 2 ವಾಟಿನ ಸ್ಪಂದಗಳಲ್ಲಿ ಸೂಸುವುದು. ಇನ್ನೊಂದು 0.25 ವಾಟನ್ನು ಎಡೆಬಿಡದೆ ಸಮನಾಗಿ ಸೂಸುವುದು. ಆವೃತ್ತಿ, ಆಂಟೆನಾ, ಹಿಡಿಯುವ ರೀತಿ ಎಲ್ಲವೂ ಒಂದೇ. ಎರಡರ ಹೀರಿಕೆ ದರವೂ ಒಂದೇ. ಪೆಟ್ಟಿಗೆಯ ಮೇಲೆ ಒಂದೇ ಸಂಖ್ಯೆ. ಶ್ರವಣ ಸಾಧನದ ಹತ್ತಿರ ತಂದರೆ ಎರಡನೆಯದು ಹೆಚ್ಚುಕಡಿಮೆ ಮೌನ, ಮೊದಲನೆಯದು ಗುಂಯ್ ಎನ್ನುತ್ತದೆ.

ಏಕೆ ಹೀಗೆ? 900 ಮೆಗಾಹರ್ಟ್ಸ್ ಅಲೆಯನ್ನು ಯಾವ ಕಿವಿಯೂ ಕೇಳಲಾರದು, ಶ್ರವಣ ಸಾಧನದ ಧ್ವನಿವರ್ಧಕವೂ ಅದನ್ನು ವರ್ಧಿಸಲಾರದು. ಆದರೆ ಸಾಧನದೊಳಗಿನ ತಂತಿಗಳು ಆಂಟೆನಾಗಳಂತೆ ಅಲೆಯನ್ನು ಹಿಡಿಯುತ್ತವೆ. ಜೇಬಿನಲ್ಲಿ ಇಟ್ಟುಕೊಳ್ಳುವ ಹಳೆಯ ಪೆಟ್ಟಿಗೆ ಮಾದರಿಯ ಸಾಧನದಲ್ಲಂತೂ ಕಿವಿಯವರೆಗೆ ಉದ್ದನೆಯ ತಂತಿಯೇ ಇರುತ್ತದೆ. ತರಂಗದೂರದ ಕಾಲು ಭಾಗವಾದ 8 ಸೆಂಟಿಮೀಟರಿಗೆ ಅಲ್ಲೇನೂ ಕೊರತೆಯಿಲ್ಲ. ಹೀಗೆ ಹುಟ್ಟಿದ ವೋಲ್ಟೇಜು ವರ್ಧಕದ ಮೊದಲ ಟ್ರಾನ್ಸಿಸ್ಟರಿನ ಸಂಧಿಯನ್ನು ತಲುಪುತ್ತದೆ. ಸಂಧಿಯ ವರ್ತನೆ ಸರಳರೇಖೆಯಲ್ಲ, ವಕ್ರ. ಅದು ಹಳೆಯ ಕ್ರಿಸ್ಟಲ್ ರೇಡಿಯೋದ ಡಯೋಡಿನಂತೆ ವರ್ತಿಸಿ, ಅಲೆಯ ಒಳ ಕಂಪನವನ್ನು ಬಿಟ್ಟು ಅದರ ಏರಿಳಿತವನ್ನು ಮಾತ್ರ ಹೊರತೆಗೆಯುತ್ತದೆ. ಹೊರಬರುವ ವೋಲ್ಟೇಜು ಕ್ಷೇತ್ರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಮನಾದ ಅಲೆಯಿಂದ ಸಿಗುವುದು ಸ್ಥಿರ ವೋಲ್ಟೇಜು. ಅದನ್ನು ಮಂಡಲದ ಕೆಪಾಸಿಟರ್ ತಡೆದು ನಿಲ್ಲಿಸುತ್ತದೆ. ಮಿನುಗುವ ಅಲೆಯಿಂದ ಸಿಗುವುದು 217 ಹರ್ಟ್ಸಿನ ಶಬ್ದ ಸಂಕೇತ. ಸ್ಪಂದಗಳು ಕಿರಿದಾಗಿರುವುದರಿಂದ 433, 650, 867 ಹರ್ಟ್ಸ್ ಮುಂತಾದ ಗುಣಕಗಳೂ ಅದರೊಂದಿಗೆ ಬರುತ್ತವೆ. ಇವೆಲ್ಲ ಮಾತಿನ ಆವೃತ್ತಿಗಳೇ. ಹೆಣ್ಣುದನಿಯ ಮೂಲ ಆವೃತ್ತಿಯೇ 200 ಹರ್ಟ್ಸಿನ ಆಸುಪಾಸಿನದು. ಮಾತನ್ನು ವರ್ಧಿಸಲೆಂದೇ ಮಾಡಿದ ಸಾಧನ ಈ ಗದ್ದಲವನ್ನೂ ಅಷ್ಟೇ ನಿಷ್ಠೆಯಿಂದ ವರ್ಧಿಸುತ್ತದೆ!

ತೊಂದರೆಗೆ ಇನ್ನೊಂದು ದಾರಿಯೂ ಇದೆ. ಅನೇಕ ಶ್ರವಣ ಸಾಧನಗಳಲ್ಲಿ 'ಎಂ' ಮತ್ತು 'ಟಿ' ಎಂಬ ಎರಡು ಸ್ಥಾನಗಳಿರುತ್ತವೆ. 'ಎಂ' ಎಂದರೆ ಮೈಕ್ರೋಫೋನ್. 'ಟಿ' ಎಂದರೆ ಟೆಲಿಕಾಯಿಲ್, ಒಂದು ಸಣ್ಣ ತಂತಿಸುರುಳಿ. ಹಳೆಯ ದೂರವಾಣಿಯ ಆಲಿಕೆಯಿಂದ ಸೋರುತ್ತಿದ್ದ ಕಾಂತಕ್ಷೇತ್ರವನ್ನು ಇದು ನೇರವಾಗಿ ಹಿಡಿಯುತ್ತಿತ್ತು. ಮೈಕ್ರೋಫೋನಿಗೆ ಕೆಲಸವಿಲ್ಲದ್ದರಿಂದ ಸುತ್ತಲಿನ ಗಲಾಟೆಯೂ ಇಲ್ಲ, ಸಾಧನದ 'ಕೂಯ್' ಎಂಬ ಸಿಳ್ಳೂ ಇಲ್ಲ. ಫ್ಯಾರಡೆಯ ನಿಯಮದ ಇಷ್ಟು ಸೊಗಸಾದ ಬಳಕೆ ಬೇರೆಲ್ಲೂ ಇಲ್ಲವೆಂದು ನನ್ನ ಭಾವನೆ. ಆದರೆ ಜಿಎಸ್‌ಎಂ ಫೋನು ತನ್ನ ಸರದಿ ಬಂದಾಗಲೆಲ್ಲ ಬ್ಯಾಟರಿಯಿಂದ 2 ಆಂಪಿಯರಿನವರೆಗೂ ಪ್ರವಾಹವನ್ನು ಸೆಳೆಯಬಲ್ಲದು. ಸೆಕೆಂಡಿಗೆ 217 ಸಲ ಏರಿ ಇಳಿಯುವ ಈ ಪ್ರವಾಹಕ್ಕೆ ತನ್ನದೇ ಕಾಂತಕ್ಷೇತ್ರವಿದೆ. ಇಲ್ಲಿ ರೇಡಿಯೋ ಅಲೆಯ ಪಾತ್ರವೇ ಇಲ್ಲ. ಸುರುಳಿ ಇದನ್ನೂ ಹಿಡಿದು ಕಿವಿಗೆ ಒಪ್ಪಿಸುತ್ತದೆ. ಹೀರಿಕೆ ದರದ ಅಳತೆಯಲ್ಲಿ ಈ ಕ್ಷೇತ್ರ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದಲ್ಲಿ 1988ರಲ್ಲೇ ಶ್ರವಣ ಸಾಧನ ಹೊಂದಾಣಿಕೆಯ ಕಾಯ್ದೆ ಬಂತು. ಆದರೆ ಅದು ಮೊಬೈಲ್ ಫೋನುಗಳಿಗೆ ವಿನಾಯಿತಿ ಕೊಟ್ಟಿತ್ತು. ಆಗ ಮೊಬೈಲ್ ಕೆಲವೇ ಮಂದಿಯ ವಸ್ತು. ವಿನಾಯಿತಿಯಿಂದ ಯಾರಿಗೂ ನಷ್ಟವಾಗದು ಎಂದು ಕಂಡಿರಬೇಕು. ಹದಿನೈದು ವರ್ಷಗಳಲ್ಲಿ ಸ್ಥಿರ ದೂರವಾಣಿಯೇ ಹಿಂದೆ ಸರಿಯತೊಡಗಿತು. 2003ರಲ್ಲಿ ಆಯೋಗವು ವಿನಾಯಿತಿಯನ್ನು ಮೊಟಕುಗೊಳಿಸಿ, ಕಂಪನಿಗಳು ತಮ್ಮ ಮಾದರಿಗಳಲ್ಲಿ ನಿಗದಿತ ಪಾಲನ್ನು ಹೊಂದಾಣಿಕೆಯುಳ್ಳದ್ದಾಗಿ ಮಾಡಬೇಕೆಂದು ವಿಧಿಸಿತು. ಅಳತೆಗೆ ಬಳಸಿದ್ದು ಸಿ63.19 ಎಂಬ ಮಾನಕ. ಅದರಲ್ಲಿ ಫೋನಿಗೆ ಎಂ1ರಿಂದ ಎಂ4ರವರೆಗೆ ಒಂದು ದರ್ಜೆ, ಟಿ1ರಿಂದ ಟಿ4ರವರೆಗೆ ಇನ್ನೊಂದು. ಎಂ3, ಟಿ3 ಅಥವಾ ಹೆಚ್ಚಿನದಿದ್ದರೆ ಹೊಂದಾಣಿಕೆಯುಳ್ಳ ಫೋನು. ಶ್ರವಣ ಸಾಧನಕ್ಕೂ ಅದರ ತಾಳಿಕೆಯನ್ನು ಸೂಚಿಸುವ ಇಂಥದೇ ದರ್ಜೆ. ಎರಡನ್ನೂ ಕೂಡಿದಾಗ 4 ಬಂದರೆ ಹೇಗೋ ಬಳಸಬಹುದು, 5 ಬಂದರೆ ಸಾಮಾನ್ಯ ಬಳಕೆಗೆ ಸರಿ, 6 ಅಥವಾ ಮೇಲಾದರೆ ಉತ್ತಮ.

ಈ ಕೂಡಿಕೆ ನನಗೆ ಬಹಳ ಮೆಚ್ಚುಗೆಯಾದ ವಿಚಾರ. ತೊಂದರೆ ಫೋನಿನಲ್ಲಿದೆಯೇ ಸಾಧನದಲ್ಲಿದೆಯೇ ಎಂದು ಎರಡೂ ಕಡೆಯವರು ಪರಸ್ಪರ ಬೊಟ್ಟು ಮಾಡುವುದಕ್ಕೆ ಅದು ಅವಕಾಶವನ್ನೇ ಕೊಡಲಿಲ್ಲ. ಸೂಸುವವನಿಗೂ ಹಿಡಿಯುವವನಿಗೂ ಪಾಲು ಹಂಚಿತು. ಮಾನಕದ 2019ರ ಆವೃತ್ತಿ ದರ್ಜೆಗಳನ್ನು ಕೈಬಿಟ್ಟು 'ತೇರ್ಗಡೆ' ಅಥವಾ 'ಇಲ್ಲ' ಎಂಬುದನ್ನಷ್ಟೇ ಉಳಿಸಿತು. 2024ರ ಅಕ್ಟೋಬರಿನಲ್ಲಿ ಆಯೋಗವು, ಕೆಲವು ವರ್ಷಗಳ ಅವಧಿ ಕೊಟ್ಟು, ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಮಾದರಿಗಳೂ ಹೊಂದಾಣಿಕೆಯುಳ್ಳವಾಗಿರಬೇಕೆಂದು ತೀರ್ಮಾನಿಸಿತು. ಕಾಯ್ದೆಯಿಂದ ಇಲ್ಲಿಗೆ ಮೂವತ್ತಾರು ವರ್ಷ.

ನಮ್ಮ ಅಂಗಡಿಗಳಲ್ಲಿ ಗ್ರಾಹಕನ ಕಣ್ಣಿಗೆ ಬೀಳುವುದು ಹೀರಿಕೆ ದರ. ಅದೂ ಫೋನು ಗರಿಷ್ಠ ಸಾಮರ್ಥ್ಯದಲ್ಲಿ ಸೂಸುತ್ತಿರುವಾಗ, ದ್ರವ ತುಂಬಿದ ಕೃತಕ ತಲೆಯೊಂದರಲ್ಲಿ ಅಳೆದದ್ದು. ನಿಜ ಬಳಕೆಯಲ್ಲಿ ಗೋಪುರವು ಫೋನಿಗೆ 'ಇಷ್ಟು ಸಾಕು' ಎಂದು ಕ್ಷಣಕ್ಷಣಕ್ಕೂ ಸೂಚಿಸುತ್ತಿರುತ್ತದೆ. 900 ಮೆಗಾಹರ್ಟ್ಸ್ ಜಿಎಸ್‌ಎಂನಲ್ಲಿ ಈ ಹೊಂದಾಣಿಕೆ 2 ವಾಟಿನಿಂದ ಸುಮಾರು 3 ಮಿಲಿವಾಟಿನವರೆಗೆ ಇಳಿಯಬಲ್ಲದು. ಗೋಪುರ ಸಮೀಪದಲ್ಲಿರುವ ಬೆಂಗಳೂರಿನ ಬೀದಿಯಲ್ಲಿ ಸದ್ದೇ ಮಾಡದ ಫೋನು, ಸಂಕೇತ ಕ್ಷೀಣವಾಗಿರುವ ಮಲೆನಾಡಿನ ಕಣಿವೆಯಲ್ಲಿ ಶ್ರವಣ ಸಾಧನವನ್ನು ಗುಂಯ್‌ಗುಡಿಸಬಹುದು. ಫೋನೂ ಅದೇ, ಪೆಟ್ಟಿಗೆಯ ಮೇಲಿನ ಸಂಖ್ಯೆಯೂ ಅದೇ. 'ವಿಕಿರಣ ತಡೆಯುವ' ಚೀಟಿಗಳನ್ನು ಫೋನಿಗೆ ಅಂಟಿಸಿಕೊಳ್ಳುವವರು ಇದನ್ನು ಯೋಚಿಸಬೇಕು. ಆ ಚೀಟಿ ನಿಜಕ್ಕೂ ಅಲೆಯನ್ನು ತಡೆದರೆ ಫೋನು ಸಾಮರ್ಥ್ಯವನ್ನು ಏರಿಸುತ್ತದೆ. ತಡೆಯದಿದ್ದರೆ ಹಣ ದಂಡ.

3ಜಿ ಫೋನಿನ ಅಲೆ ಕರೆಯ ಉದ್ದಕ್ಕೂ ಎಡೆಬಿಡದೆ ಹರಿಯುವುದರಿಂದ ಗುಂಯ್ ಸದ್ದು ಬಹಳ ಕಡಿಮೆಯಾಯಿತು. ಶ್ರವಣ ಸಾಧನಗಳ ತಾಳಿಕೆಯೂ ಹಿಂದಿಗಿಂತ ಉತ್ತಮವಾಗಿದೆ. ಆದರೆ 4ಜಿ ಮತ್ತು 5ಜಿಯ ಕೆಲವು ಪಟ್ಟಿಗಳಲ್ಲಿ ಕಳಿಸುವುದು ಮತ್ತು ಪಡೆಯುವುದು ಒಂದೇ ಆವೃತ್ತಿಯಲ್ಲಿ ಸರದಿಯಂತೆ ನಡೆಯುತ್ತದೆ. ಅಲ್ಲಿ ಅಲೆ ಮತ್ತೆ ತುಂಡಾಗುತ್ತದೆ. ಬ್ಲೂಟೂತ್ ಇರುವ ಹೊಸ ಸಾಧನಗಳಲ್ಲಿ ಫೋನನ್ನು ಕಿವಿಯಿಂದ ದೂರವೇ ಇಡಬಹುದು. ಅದು ಎರಡೂ ಸಮಸ್ಯೆಗಳಿಗೆ ಒಟ್ಟಿಗೇ ಪರಿಹಾರ, ಬೆಲೆ ತೆರಬಲ್ಲವರಿಗೆ.

ನಿಮ್ಮ ಶಾಲೆಯ ವಿದ್ಯಾರ್ಥಿಯೋ ಸಹೋದ್ಯೋಗಿಯೋ ಶ್ರವಣ ಸಾಧನ ಬಳಸುವವರಾಗಿದ್ದರೆ, ಫೋನು ಕೊಳ್ಳುವ ಮೊದಲು ತಮ್ಮದೇ ಸಾಧನ ಧರಿಸಿ, ಕರೆ ಮಾಡಿ, 'ಎಂ' ಮತ್ತು 'ಟಿ' ಎರಡೂ ಸ್ಥಾನಗಳಲ್ಲಿ ಕೇಳಿ ನೋಡಲು ಹೇಳಿ. ಸಂಕೇತ ಕಡಿಮೆ ಇರುವ ಕಡೆ ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಸಾಧನದ ಬಗ್ಗೆಯೇ ಸಂಶಯವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಶ್ರವಣ ತಜ್ಞರ ಸಲಹೆ ಪಡೆಯಬಹುದು.

ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ತೆಳು ಎನಾಮಲ್ ತಂತಿಯನ್ನು ಬೆಂಕಿಪೆಟ್ಟಿಗೆಯ ಮೇಲೆ ಇನ್ನೂರು ಮುನ್ನೂರು ಸುತ್ತು ಸುತ್ತಿ, ಎರಡು ತುದಿಗಳನ್ನು ಶಾಲೆಯ ಧ್ವನಿವರ್ಧಕದ ಮೈಕ್ ತೂತಿಗೆ ಜೋಡಿಸಿ. 2ಜಿಗೆ ಸೀಮಿತಗೊಳಿಸಿದ ಫೋನಿನಿಂದ ಕರೆ ಮಾಡಿ ಸುರುಳಿಯನ್ನು ಅದರ ಬೆನ್ನ ಮೇಲೆ ಆಡಿಸಿ. ಬ್ಯಾಟರಿಯಿಂದ ಹೊರಡುವ ತಂತಿಗಳ ಬಳಿ ಸದ್ದು ಜೋರಾಗುವುದನ್ನೂ, ಸುರುಳಿಯನ್ನು ತಿರುಗಿಸಿದಾಗ ಕುಗ್ಗುವುದನ್ನೂ ಮಕ್ಕಳೇ ಕಂಡುಕೊಳ್ಳುತ್ತಾರೆ. ಬಳಿಕ ಅದೇ ಫೋನನ್ನು 4ಜಿಗೆ ಬದಲಿಸಿ ಹೋಲಿಸಿ. ಪ್ರಯೋಗದ ಮೊದಲು ಕೊಠಡಿಯ ಫ್ಯಾನು, ಟ್ಯೂಬ್‌ಲೈಟುಗಳನ್ನು ಆರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಸುರುಳಿ ಮೊದಲು ಹಿಡಿಯುವುದು ಮನೆ ವಿದ್ಯುತ್ತಿನ 50 ಹರ್ಟ್ಸಿನ ಗುನುಗನ್ನೇ.