ಸಂದರ್ಶನದ ಕರೆ ತರುವ ರೆಸ್ಯೂಮೆ: ನಂಬಿಕೆ ಏನು, ನಿಜ ಏನು?

ಸೀನಿಯರ್ ಕೊಟ್ಟ ಫೈಲಿನಲ್ಲಿ ಹೆಸರು, ಅಂಕ ಬದಲಿಸಿ ಹತ್ತಾರು ಕಂಪನಿಗಳಿಗೆ ಕಳಿಸುವುದು ನಮ್ಮ ಕಾಲೇಜುಗಳಲ್ಲಿ ನಡೆದುಬಂದ ರೂಢಿ. ಆ ಫೈಲಿನ ಜೊತೆ ಹಳೆಯ ತಪ್ಪು ನಂಬಿಕೆಗಳೂ ಕೈಯಿಂದ ಕೈಗೆ ಬರುತ್ತವೆ. ಕರೆ ಬಾರದಿದ್ದಾಗ ಮಕ್ಕಳು ತಮ್ಮ ಯೋಗ್ಯತೆಯನ್ನೇ ಅನುಮಾನಿಸತೊಡಗುತ್ತಾರೆ. ಎಷ್ಟೋ ಸಲ ಎಡವಿರುವುದು ಆ ಯೋಗ್ಯತೆಯನ್ನು ಕಾಗದಕ್ಕೆ ಇಳಿಸಿದ ರೀತಿಯಲ್ಲಿ.

ತಪ್ಪು ಕಲ್ಪನೆ: ತಂದೆಯ ಹೆಸರು, ಧರ್ಮ, ಮದುವೆ, ಆಧಾರ್ ಸಂಖ್ಯೆ ಎಲ್ಲವೂ ಇರಬೇಕು.
ಸತ್ಯ: ಸರ್ಕಾರಿ ಅರ್ಜಿ ನಮೂನೆ ಕೇಳಿದ್ದನ್ನು ತುಂಬಲೇಬೇಕು. ಖಾಸಗಿ ಕೆಲಸದ ರೆಸ್ಯೂಮೆಗೆ ಹೆಸರು, ಊರು, ಮೊಬೈಲ್, ಇಮೇಲ್ ಸಾಕು. ಆಧಾರ್, ಪ್ಯಾನ್ ಬೇಕಾಗುವುದು ಆಯ್ಕೆಯಾದ ಮೇಲೆ. ಹತ್ತಾರು ಕಡೆ ಹರಿದಾಡುವ ಕಾಗದದಲ್ಲಿ ಅವನ್ನು ಬರೆದರೆ ವಂಚಕರಿಗೆ ಅನುಕೂಲ.

ತಪ್ಪು ಕಲ್ಪನೆ: ಪುಟ ಹೆಚ್ಚಿದಷ್ಟೂ ತೂಕ ಹೆಚ್ಚು.
ಸತ್ಯ: ಅಮೆರಿಕದ ಉದ್ಯೋಗ ಜಾಲತಾಣ ಲ್ಯಾಡರ್ಸ್ 2018ರಲ್ಲಿ ನೇಮಕಾತಿ ಸಿಬ್ಬಂದಿಯ ಕಣ್ಣಿನ ಚಲನೆ ಅಳೆದಾಗ, ಒಂದು ರೆಸ್ಯೂಮೆಯ ಮೊದಲ ನೋಟಕ್ಕೆ ಸಿಕ್ಕಿದ್ದು ಸರಾಸರಿ 7.4 ಸೆಕೆಂಡು. ಹೊಸಬರಿಗೆ ಒಂದು ಪುಟ ಸಾಕು. ಹುದ್ದೆಗೆ ನೇರವಾಗಿ ಬೇಕಾದ ಕೌಶಲ, ಕೆಲಸ ಆ ಪುಟದ ಮೇಲ್ಭಾಗದಲ್ಲೇ ಕಾಣಬೇಕು. ‘ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಕೆಲಸ ಮಾಡುವ ಗುರಿ’ ಎಂಬ ಸಾಲನ್ನೂ, ಕೊನೆಯ ಘೋಷಣೆಯನ್ನೂ ಧೈರ್ಯವಾಗಿ ತೆಗೆಯಿರಿ.

ತಪ್ಪು ಕಲ್ಪನೆ: ರೆಸ್ಯೂಮೆಯನ್ನು ಮನುಷ್ಯರು ನೋಡುವುದೇ ಇಲ್ಲ, ಸಾಫ್ಟ್‌ವೇರ್ ತಿರಸ್ಕರಿಸುತ್ತದೆ.
ಸತ್ಯ: ಎಟಿಎಸ್ ಎನ್ನುವ ಈ ತಂತ್ರಾಂಶದ ಮುಖ್ಯ ಕೆಲಸ ಅರ್ಜಿಗಳನ್ನು ಸಂಗ್ರಹಿಸಿ, ವಿಂಗಡಿಸಿ, ಹುಡುಕಲು ಅನುವು ಮಾಡಿಕೊಡುವುದು. ವಿದ್ಯಾರ್ಹತೆ, ಅನುಭವದಂಥ ಕಡ್ಡಾಯ ಪ್ರಶ್ನೆಗಳಿಗೆ ಕೊಟ್ಟ ಉತ್ತರದ ಮೇಲೆ ಕೆಲವು ಅರ್ಜಿಗಳು ತಾವಾಗಿ ಹೊರಗುಳಿಯಬಹುದು. ಉಳಿದವನ್ನು ಆರಿಸುವವರು ಸಾಮಾನ್ಯವಾಗಿ ಮನುಷ್ಯರೇ. ಅವರು ‘ಟ್ಯಾಲಿ’, ‘ಜಿಎಸ್‌ಟಿ’ ಎಂದು ಹುಡುಕಿದಾಗ ಆ ಪದಗಳು ನಿಮ್ಮ ಪುಟದಲ್ಲಿ ಸಿಗಬೇಕು. ಎರಡು ಕಾಲಂ, ಪಠ್ಯ ಪೆಟ್ಟಿಗೆ, ಚಿತ್ರದೊಳಗಿನ ಅಕ್ಷರ ತಂತ್ರಾಂಶಕ್ಕೆ ಗೊಂದಲ ತರಬಹುದು. ಸರಳ ಶೀರ್ಷಿಕೆಗಳೇ ಕ್ಷೇಮ. ಬಿಳಿ ಬಣ್ಣದಲ್ಲಿ ಪದಗಳನ್ನು ಬಚ್ಚಿಡುವ ಉಪಾಯ ಬೇಡ; ಪಠ್ಯವನ್ನು ಬೇರ್ಪಡಿಸಿದಾಗ ಅದು ಬಯಲಾಗುತ್ತದೆ.

ತಪ್ಪು ಕಲ್ಪನೆ: ಒಂದೇ ರೆಸ್ಯೂಮೆ ಎಲ್ಲ ಕಡೆಗೂ ನಡೆಯುತ್ತದೆ.
ಸತ್ಯ: 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರದಲ್ಲಿ ಮೊದಲು ಬರುವುದು ಸೇತುವೆ, ಫಿರಂಗಿ, ಯುದ್ಧವಾಹನಗಳು. ಚಿತ್ರಕಲೆಯ ಮಾತು ಬರುವುದು ಕೊನೆಯ ಭಾಗದಲ್ಲಿ. ಅಂಥ ಚಿತ್ರಕಾರನೂ ಓದುವವನ ಅಗತ್ಯವನ್ನೇ ಮುಂದಿಟ್ಟ. ನೀವೂ ಉದ್ಯೋಗ ಪ್ರಕಟಣೆಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಗಳ ಕ್ರಮ ಬದಲಿಸಿ.

ತಪ್ಪು ಕಲ್ಪನೆ: ಅನುಭವವಿಲ್ಲ, ಬರೆಯಲು ಏನೂ ಇಲ್ಲ.
ಸತ್ಯ: ಸಂಬಳ ಬಂದದ್ದು ಮಾತ್ರ ಕೆಲಸವಲ್ಲ. ಬಿ.ಕಾಂ. ಓದುತ್ತಲೇ ಊರಿನ ಹಾಲಿನ ಡೇರಿಯ ಲೆಕ್ಕ ನೋಡಿಕೊಂಡ ಹುಡುಗಿ ‘ಶ್ರಮಜೀವಿ, ಪ್ರಾಮಾಣಿಕಳು’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘120 ಸದಸ್ಯರ ದಿನದ ಹಾಲಿನ ಲೆಕ್ಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ತಂದೆ, ಎರಡು ದಿನ ಹಿಡಿಯುತ್ತಿದ್ದ ಬಟವಾಡೆ ಪಟ್ಟಿ ಅರ್ಧ ದಿನದಲ್ಲಿ ಸಿದ್ಧವಾಗುತ್ತಿದೆ’ ಎಂದರೆ ಅವಳ ಶ್ರಮ, ಜಾಣ್ಮೆ ಎರಡೂ ಕಾಣುತ್ತವೆ. ಏನು ಮಾಡಿದೆ, ಹೇಗೆ ಮಾಡಿದೆ, ಏನು ಬದಲಾಯಿತು: ಪ್ರಾಜೆಕ್ಟಿಗೂ ಎನ್‌ಎಸ್‌ಎಸ್ ಶಿಬಿರಕ್ಕೂ ಇದೇ ಸೂತ್ರ.

ತಪ್ಪು ಕಲ್ಪನೆ: ಸ್ವಲ್ಪ ಉತ್ಪ್ರೇಕ್ಷೆ ಯಾರಿಗೂ ಗೊತ್ತಾಗುವುದಿಲ್ಲ.
ಸತ್ಯ: ಭವಿಷ್ಯನಿಧಿ ಇರುವ ಕೆಲಸಕ್ಕೆ ಸೇರಿದ, ಬಿಟ್ಟ ದಿನಾಂಕಗಳು ಅದರ ಯುಎಎನ್ (ಸದಸ್ಯರ ಖಾತೆ ಸಂಖ್ಯೆ) ದಾಖಲೆಯಲ್ಲಿ ಉಳಿದಿರುತ್ತವೆ. ಹಿನ್ನೆಲೆ ಪರಿಶೀಲನೆಯಲ್ಲಿ ಸುಳ್ಳು ಸಿಕ್ಕಿದರೆ ಸೇರಿದ ಮೇಲೂ ಕೆಲಸ ಹೋಗಬಹುದು. ನಡುವೆ ಬಿಡುವಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ತಪ್ಪು ಕಲ್ಪನೆ: ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಮುಚ್ಚಿಡಬೇಕು.
ಸತ್ಯ: ಬ್ಯಾಂಕು, ಆಸ್ಪತ್ರೆ, ಗ್ರಾಹಕ ಸೇವೆಯಲ್ಲಿ ಜನರೊಂದಿಗೆ ಕನ್ನಡದಲ್ಲಿ ವ್ಯವಹರಿಸಬಲ್ಲವರು ಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಮೊದಲು ಬರೆಯಿರಿ.

ಕಳಿಸುವ ಮುನ್ನ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿ: ಸಂದರ್ಶನದಲ್ಲಿ ಇದರ ಬಗ್ಗೆ ಎರಡು ನಿಮಿಷ ಮಾತಾಡಬಲ್ಲೆನೇ? ಹೌದಾದರೆ ಇರಲಿ, ಇಲ್ಲವಾದರೆ ತೆಗೆಯಿರಿ.